ಒಂದು ಕೈಗೆ ಎರಡು ಬ್ರೇಕ್

ಮೊದಲು ಕೈಗವಸಿನ ವಿಷಯ. ಸೈಕಲ್ ವರ್ಕ್‌ಶಾಪಿನ ನನ್ನ ಬೆಂಚಿಗೆ ಹೊಸದಾಗಿ ಬಂದಿರುವ ನೀವಿಬ್ಬರೂ ಅದನ್ನು ಹಿಂದಿನ ಜೇಬಿಗೆ ತುರುಕಿಕೊಂಡು ಬರಿಗೈಯಲ್ಲಿ ಕೆಲಸ ಮಾಡುತ್ತಿದ್ದುದನ್ನು ಮೊನ್ನೆ ಬಂದಾಗ ನೋಡಿದೆ. ನಾನೂ ಹಾಗೆಯೇ ಇದ್ದೆ. ಗವಸು ಹಾಕಿದರೆ ಬೋಲ್ಟಿನ ಥ್ರೆಡ್ ಬೆರಳಿಗೆ ತಿಳಿಯುವುದಿಲ್ಲ ಎಂದು ವಾದ ಮಾಡುತ್ತಿದ್ದೆ. ಮೊದಲ ಮೂರು ವರ್ಷ ಬರಿಗೈಯಲ್ಲಿ ಬ್ರೇಕ್ ಆಯಿಲ್ ಮುಟ್ಟಿದ್ದರ ಫಲ ಒಂಬತ್ತನೆಯ ವರ್ಷಕ್ಕೆ ಸಿಕ್ಕಿತು. ಬೆರಳ ತುದಿಗಳು ಸುಲಿಯತೊಡಗಿದವು. ಚರ್ಮದ ಡಾಕ್ಟರು ನನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, "ಆ ಆಯಿಲ್ ಬಿಡಿ. ಬೇರೆ ಮದ್ದಿಲ್ಲ" ಎಂದರು. ಹಾಗಾಗಿ ಮೂವತ್ತೆರಡನೆಯ ವಯಸ್ಸಿಗೆ ನಾನು ನಿವೃತ್ತಳು. ಕೇಳಿದವರೆಲ್ಲ ನಗುತ್ತಾರೆ. ನನಗೂ ನಗು ಬರುತ್ತದೆ.

ನೀವು ಏನು ಕೇಳಿದರೂ ನಮ್ಮ ಯಜಮಾನರಾದ ಉತ್ತಯ್ಯ ಅಂಕಲ್ "ಅವಳನ್ನೇ ಕೇಳಿ" ಎನ್ನುತ್ತಾರಂತೆ. ಫೋನಿನಲ್ಲಿ ಮಾತಾಡುವುದಕ್ಕಿಂತ ಬರೆಯುವುದು ನನಗೆ ಸುಲಭ. ಅದಕ್ಕೇ ಇದು.

ನಾನು ಈ ಕೆಲಸಕ್ಕೆ ಬಂದದ್ದು ಒಂದು ಗುಳ್ಳೆಯಿಂದ. ನಮ್ಮದು ಕುಶಾಲನಗರದ ಹತ್ತಿರ ಶುಂಠಿ, ಜೋಳ ಬೆಳೆಯುವ ಮನೆ. ಅಜ್ಜ ಹಾಸನ ಜಿಲ್ಲೆಯಿಂದ ಬಂದು ನೆಲೆ ನಿಂತವರು. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ನಾನು ಸಿದ್ದಾಪುರದ ಹೊರಗಿನ ಶಾಲೆಯೊಂದಕ್ಕೆ ತಾತ್ಕಾಲಿಕ ಶಿಕ್ಷಕಿಯಾಗಿ ಬಂದೆ. ಎಸ್ಟೇಟ್ ರಸ್ತೆಯಲ್ಲಿ ಓಡಾಡಲು ಡಿಸ್ಕ್ ಬ್ರೇಕಿನ ಹಳೆಯ ಸೈಕಲ್ಲೊಂದನ್ನು ಕೊಂಡೆ. ಮೂರೇ ವಾರಕ್ಕೆ ಅದರ ಬ್ರೇಕ್ ಮೆತ್ತಗಾಯಿತು. ರಿಪೇರಿಗೆ ಕೊಟ್ಟದ್ದು ಉತ್ತಯ್ಯ ಅಂಕಲ್ ವರ್ಕ್‌ಶಾಪಿಗೆ.

ಅಲ್ಲಿ ಜನಾರ್ದನ ಇದ್ದರು. ಕರಿಕೆ ಊರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರು ಮೆಡಿಕಲ್ ಶಾಪಿನ ಸಿರಿಂಜಿನಿಂದ ಮೇಲಿನ ಲಿವರಿಗೆ ಆಯಿಲ್ ಒತ್ತುತ್ತಿದ್ದರು, ಒತ್ತಿ ಒತ್ತಿ ಬೆವರುತ್ತಿದ್ದರು. ಹೈಡ್ರಾಲಿಕ್ ಬ್ರೇಕಿನ ಒಳಗುಟ್ಟು ಇಷ್ಟೇ: ಲಿವರ್ ಎಳೆದರೆ ಆಯಿಲ್ ಹೋಸಿನಲ್ಲಿ ಕೆಳಗೆ ತಳ್ಳಲ್ಪಡುತ್ತದೆ, ಚಕ್ರದ ಪಕ್ಕದ ಕ್ಯಾಲಿಪರಿನಲ್ಲಿ ಪಿಸ್ಟನ್‌ಗಳು ಹೊರಬಂದು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುತ್ತವೆ. ಆಯಿಲ್ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಒಳಗೆ ಒಂದು ಗುಳ್ಳೆ ಉಳಿದರೂ ಬೆರಳಿನ ಬಲ ಅದನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ಆ ಗಾಳಿಯನ್ನು ಹೊರಗೆ ಹಾಕುವುದಕ್ಕೆ ಬ್ಲೀಡಿಂಗ್ ಎನ್ನುತ್ತೇವೆ.

"ಗುಳ್ಳೆ ಮೇಲಕ್ಕೆ ಹೋಗುತ್ತಲ್ವಾ? ಕೆಳಗಿಂದ ಒತ್ತಿದರೆ ಅದಕ್ಕೂ ದಾರಿ ಸುಲಭ" ಎಂದೆ ನಾನು.

ಜನಾರ್ದನ ತಲೆ ಎತ್ತಲಿಲ್ಲ. "ಮೇಡಂ, ನಿಮ್ಮ ಗುಳ್ಳೆ ಓದಿದ ಗುಳ್ಳೆ. ನಮ್ದು ಈ ಊರಿಂದೇ, ಹೇಳಿದ ಕಡೆ ಹೋಗ್ತದೆ."

"ಹೋಗ್ತಾ ಉಂಟಾ?" ಎಂದು ಕೇಳಿದರು ಒಳಗಿನಿಂದ ಉತ್ತಯ್ಯ ಅಂಕಲ್.

"ಇಲ್ಲೆ, ಹೋಗ್ತಾ ಇಲ್ಲ" ಎಂದರು ಜನಾರ್ದನ.

ಕೆಳಗಿನಿಂದ ಒತ್ತಿದೆವು. ಸಾಲು ಸಾಲು ಗುಳ್ಳೆ ಮೇಲೆ ಬಂದು ಒಡೆದವು. ಹತ್ತು ನಿಮಿಷದಲ್ಲಿ ಲಿವರ್ ಕಲ್ಲಿನಂತಾಯಿತು. ಉತ್ತಯ್ಯ ಅಂಕಲ್ ಅದನ್ನು ಎರಡು ಸಲ ಎಳೆದು ನೋಡಿ, "ಶಾಲೆ ಎಷ್ಟು ಗಂಟೆಗೆ ಬಿಡ್ತದೆ?" ಎಂದು ಕೇಳಿದರು. ಸಂಜೆ ಬಂದೆ. ಶಾಲೆಯ ವರ್ಷ ಮುಗಿದ ಮೇಲೆ ಬೆಳಿಗ್ಗೆಯೂ ಬಂದೆ. ಅಮ್ಮ ಫೋನಿನಲ್ಲಿ, "ಎಮ್ಮೆಸ್ಸಿ ಮಾಡಿ ಪಂಕ್ಚರ್ ಹಾಕ್ತೀಯೇನೇ?" ಎಂದು ಅಳುವ ದನಿ ತೆಗೆದರು. ಪಂಕ್ಚರ್ ಜನಾರ್ದನ ಹಾಕುತ್ತಾರೆ, ನಾನು ಬ್ರೇಕ್ ಮಾತ್ರ ಎಂದು ಹೇಳಿದ್ದರಿಂದ ಅವರಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಇನ್ನು ತಪ್ಪುಗಳು. ನನ್ನವು ಬೇಕಾದಷ್ಟಿವೆ, ಎರಡನ್ನು ಮಾತ್ರ ಬರೆಯುತ್ತೇನೆ.

ಮಡಿಕೇರಿಯ ಗಿರಾಕಿಯೊಬ್ಬರು ಹೊರದೇಶದಿಂದ ತಂದ ಸೈಕಲ್ಲನ್ನು ಸರ್ವಿಸಿಗೆ ಬಿಟ್ಟರು. ಅದರ ಮುಂದಿನ ಬ್ರೇಕ್ ಎಡಗೈಗಿತ್ತು. ನಮ್ಮಲ್ಲಿ ಸ್ಕೂಟರು, ಬೈಕು ಎಲ್ಲದರಲ್ಲೂ ಮುಂದಿನದು ಬಲಗೈಗೆ. ಯಾರೋ ತಪ್ಪಾಗಿ ಜೋಡಿಸಿದ್ದಾರೆ ಎಂದುಕೊಂಡು ನಾನು ಎರಡೂ ಹೋಸ್ ಬಿಚ್ಚಿ, ತುದಿ ಕತ್ತರಿಸಿ, ಹೊಸ ಹಿತ್ತಾಳೆಯ ಉಂಗುರ ಕೂರಿಸಿ, ಅದಲು ಬದಲು ಮಾಡಿ, ಬ್ಲೀಡ್ ಮಾಡಿ, ಬಿಲ್ಲಿನಲ್ಲಿ "ಉಚಿತ" ಎಂದೂ ಬರೆದೆ. ಅವರು ಹತ್ತು ವರ್ಷ ಎಡಗೈಯಲ್ಲೇ ಮುಂದಿನ ಬ್ರೇಕ್ ಹಿಡಿದವರು. ನಮ್ಮ ಗೇಟಿನಿಂದ ನೂರು ಮೀಟರ್ ಹೋಗಿ, ಹಿಂದಿನದೆಂದು ಬಲಗೈ ಜೋರಾಗಿ ಒತ್ತಿ, ಹ್ಯಾಂಡಲ್ ದಾಟಿ ಕಾಫಿ ಗಿಡದ ಮೇಲೆ ಕೂತಿದ್ದರು. ಗಿಡದಿಂದ ಇಳಿಯದೆಯೇ ನನ್ನನ್ನು ಕೇಳಿದರು: "ಉಚಿತ ಅಂದ್ರೆ ಇದಾ?" ದೊಡ್ಡ ಮನಸ್ಸಿನವರು. ಈಗಲೂ ನಮ್ಮ ಗಿರಾಕಿ. ಅಂದಿನಿಂದ ನಾನು ಕೇಳುವ ಮೊದಲ ಪ್ರಶ್ನೆ, ನಿಮಗೆ ಮುಂದಿನದು ಯಾವ ಕೈ? ಈ ಪ್ರಶ್ನೆಯನ್ನು ಕಲಿತೆ ಎಂದುಕೊಂಡಿದ್ದೆ. ಅರ್ಧ ಮಾತ್ರ ಕಲಿತಿದ್ದೆ ಎಂಬುದು ಮುಂದೆ ಬರುತ್ತದೆ.

ಎರಡನೆಯದು ಮಳೆಗಾಲದ್ದು. ಬ್ರೇಕ್ ಆಯಿಲಿನಲ್ಲಿ ಎರಡು ಜಾತಿ. ಒಂದು ಮಿನರಲ್ ಆಯಿಲ್, ಇನ್ನೊಂದು ಕಾರಿಗೆ ಹಾಕುವಂಥ ಡಾಟ್ ಆಯಿಲ್. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಒಳಗಿನ ರಬ್ಬರ್ ಹಾಳಾಗುತ್ತದೆ. ಅದು ನಿಮಗೆ ಗೊತ್ತು, ಬಾಟಲಿಗಳನ್ನು ಬೇರೆ ಬೇರೆ ಶೆಲ್ಫಿನಲ್ಲಿ ಇಟ್ಟದ್ದು ಅದಕ್ಕೇ. ಆದರೆ ಡಾಟ್ ಆಯಿಲ್ ಗಾಳಿಯಲ್ಲಿನ ನೀರನ್ನು ಕುಡಿಯುತ್ತದೆ ಎಂಬುದನ್ನು ಕೊಡಗಿನಲ್ಲಿ ಮರೆಯಬಾರದು. ಜುಲೈ ತಿಂಗಳಲ್ಲಿ ಗೋಡೆಗೆ ನೇತುಹಾಕಿದ ಬೆಲ್ಟಿಗೇ ಬೂಷ್ಟು ಬರುವ ಊರು ಇದು. ಮುಚ್ಚಳ ತೆಗೆದ ಬಾಟಲಿ ಎರಡು ತಿಂಗಳು ಇದ್ದರೆ ಅದರೊಳಗೂ ಮಳೆಗಾಲವೇ.

"ಅರ್ಧ ಬಾಟ್ಲಿ ಉಂಟಲ್ಲ, ಯಾಕೆ ಚೆಲ್ಲೋದು?" ಎಂದರು ಉತ್ತಯ್ಯ ಅಂಕಲ್. ಬೇಡ ಎನ್ನಲು ನನಗೆ ಸಂಕೋಚ. ಅವರದೇ ಸೈಕಲ್ಲಿಗೆ ಅದನ್ನೇ ತುಂಬಿದೆ. ಉದ್ದದ ಇಳಿಜಾರಿನಲ್ಲಿ ಡಿಸ್ಕ್ ಕಾದಾಗ ಆಯಿಲಿನಲ್ಲಿದ್ದ ನೀರು ಕುದ್ದು ಆವಿಯಾಯಿತು. ಲಿವರ್ ಹ್ಯಾಂಡಲ್ಲಿಗೆ ತಾಗಿತು. ಬ್ರೇಕ್ ಇಲ್ಲ. ಅಂಕಲ್ ಬುದ್ಧಿವಂತಿಕೆಯಿಂದ ರಸ್ತೆ ಬಿಟ್ಟು, ಎಸ್ಟೇಟಿನವರು ಗೊಬ್ಬರಕ್ಕೆಂದು ರಾಶಿ ಹಾಕಿದ್ದ ಕಾಫಿ ಸಿಪ್ಪೆಯೊಳಗೆ ಸೊಂಟದವರೆಗೆ ಹೋಗಿ ನಿಂತರು. ಒಂದು ಗೀರೂ ಆಗಲಿಲ್ಲ, ವಾಸನೆ ಮಾತ್ರ ನಾಲ್ಕು ದಿನ ಇತ್ತು. ಬಾಟಲಿಯ ಮೇಲೆ ಮುಚ್ಚಳ ತೆಗೆದ ದಿನವನ್ನು ಬರೆಯುವ ಪದ್ಧತಿ ಆ ವಾರದಿಂದ ಶುರುವಾಯಿತು. ಅಂಕಲ್ಲೇ ಬರೆಯುತ್ತಾರೆ, ಗಮನಿಸಿರಬಹುದು.

ನೀವು ಈಗ ಬಳಸುವ ಕಿಟ್ಟುಗಳು ಆಗ ಇರಲಿಲ್ಲ. ರಬ್ಬರ್‌ಬ್ಯಾಂಡಿನಿಂದ ಲಿವರನ್ನು ಹ್ಯಾಂಡಲ್ಲಿಗೆ ಬಿಗಿದು ಮರುದಿನದವರೆಗೆ ಬಿಟ್ಟರೆ ಗುಳ್ಳೆ ತಾನಾಗಿ ಮೇಲೆ ಬರುತ್ತದೆ ಎಂದು ಜನಾರ್ದನ ನಂಬಿದ್ದರು. ಸ್ವಲ್ಪ ಬರುತ್ತದೆ ಕೂಡ. ಲಿವರಿಗೆ ಲಾಳಿಕೆ, ಕ್ಯಾಲಿಪರಿಗೆ ಸಿರಿಂಜು, ಪ್ಯಾಡಿನ ಜಾಗಕ್ಕೆ ಪ್ಲಾಸ್ಟಿಕ್ ತುಂಡು, ಇವೆಲ್ಲ ಬಂದ ಮೇಲೂ ನಾವು ಸ್ಕ್ರೂಡ್ರೈವರಿನ ಹಿಡಿಯಿಂದ ಹೋಸನ್ನು ಉದ್ದಕ್ಕೂ ತಟ್ಟುವುದನ್ನು ಬಿಡಲಿಲ್ಲ. ನೀವೂ ಬಿಡಬೇಡಿ. ಅಂಟಿಕೊಂಡ ಗುಳ್ಳೆಗೆ ಆ ತಟ್ಟು ಬೇಕು. ಇನ್ನೊಂದು, ಊಟ ಮಾಡಿ ಬಂದ ಕೈಯಲ್ಲಿ ಡಿಸ್ಕ್ ಮುಟ್ಟಬೇಡಿ. ನಮ್ಮಲ್ಲಿ ಬ್ರೇಕ್ ಕಿರುಚುವುದಕ್ಕೆ ಅರ್ಧ ಕಾರಣ ಹಂದಿ ಸಾರು. ಸೋಪಿಗೂ ಹೋಗದ ಜಿಡ್ಡು ಅದು.

ಇಷ್ಟನ್ನು ಹೇಳಿದ ಮೇಲೆ ದೇಚಮ್ಮ ಆಂಟಿಯ ಸೈಕಲ್ಲಿಗೆ ಬರಬಹುದು. ಅದು ನನ್ನ ಕೊನೆಯ ಕೆಲಸ.

ಕಳೆದ ಮಳೆಗಾಲದ ಕೊನೆಯಲ್ಲಿ, ಡಾಕ್ಟರು ಹೇಳಿ ಎರಡು ವಾರವಾಗಿತ್ತು. ಮುಂದಿನ ತಿಂಗಳು ಬಿಡುತ್ತೇನೆ ಎಂದು ಅಂಕಲಿಗೆ ಹೇಳಿದ್ದೆ. ಒಂದು ಬೆಳಿಗ್ಗೆ ಜೀಪೊಂದು ಬಂದು ನಿಂತಿತು. ಹಿಂದೆ ಒಳ್ಳೆಯ ಮೌಂಟನ್ ಬೈಕು, ಮೈತುಂಬ ಕಾಫಿ ಗೋದಾಮಿನ ಧೂಳು. ಇಳಿದವರು ಐವತ್ತರ ಆಸುಪಾಸಿನ ಹೆಂಗಸು. ಉತ್ತಯ್ಯ ಅಂಕಲಿನ ದೂರದ ಸಂಬಂಧಿ. ಅಮ್ಮತ್ತಿಯ ಆಚೆ ಗುಡ್ಡದ ನೆತ್ತಿಯ ಮೇಲೆ ತೋಟ. ಒಬ್ಬರೇ ನೋಡಿಕೊಳ್ಳುತ್ತಾರೆ. ಹೆಬ್ಬೆರಳು ಮತ್ತು ಕಿರುಬೆರಳು ಬಿಟ್ಟರೆ ಅವರ ಎಡಗೈಯಲ್ಲಿ ಬೆರಳಿರಲಿಲ್ಲ.

"ಎರಡು ವರ್ಷ ಆಯ್ತು. ಪಲ್ಪರಿಗೆ ಸಿಕ್ತು" ಎಂದರು, ನಾನು ನೋಡಿದ್ದನ್ನು ನೋಡಿ. ಪಲ್ಪರ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ. "ಆ ವರ್ಷದ ಕಾಫಿ ಯಾರು ಕುಡಿದ್ರೋ ಪಾಪ. ಈಗ ಕೇಳು ಕುಂಞಿ. ಎರಡು ಬ್ರೇಕೂ ಬಲಗೈಗೆ ಬರಬೇಕು. ಆಗ್ತದಾ?"

ಕುಂಞಿ ಎಂದರೆ ಮಗು. ನನ್ನನ್ನು ಹಾಗೆ ಕರೆದವರು ಅವರೊಬ್ಬರೇ.

"ದೇಚಕ್ಕ, ಇನ್ನೆಂತಕ್ಕೆ ಇದೆಲ್ಲ? ಜೀಪ್ ಉಂಟಲ್ಲ" ಎಂದರು ಅಂಕಲ್.

"ಜೀಪಲ್ಲಿ ನೀನು ಹೋಗು ಉತ್ತಯ್ಯ. ಸಿಪ್ಪೆ ರಾಶಿಗೆ ಬಿದ್ದದ್ದು ನಾನಲ್ಲ." ಜನಾರ್ದನ ಚೈನಿನ ಮೇಲೆ ಬಗ್ಗಿ ಭುಜ ಅಲುಗಿಸುತ್ತ ನಕ್ಕರು. ಆಂಟಿ ನನ್ನ ಕಡೆ ತಿರುಗಿದರು. "ನಮ್ಮ ಮನೆಯಿಂದ ಕೆಳಗಿನ ಸೇತುವೆಗೆ ಹನ್ನೊಂದು ತಿರುವು. ಹದಿನಾರು ವರ್ಷದವಳಿದ್ದಾಗಿಂದ ಇಳಿದಿದ್ದೇನೆ. ಕೈಲ್ ಮುಹೂರ್ತ ಆದ ಮೇಲಿನ ಭಾನುವಾರ ಅಣ್ಣನ ಮಗ ಬರ್ತಾನೆ, ಈ ಸೈಕಲ್ ಕೇಳಿದ್ದಾನೆ. ಓಡಿಸೋಕೆ ಆಗಲ್ಲ ಅಂದ್ರೆ ಕೊಟ್ಟುಬಿಡ್ತೇನೆ. ಗೋಡೆ ಮೇಲೆ ನೋಡ್ತಾ ಕೂರೋಕೆ ನನಗಾಗಲ್ಲ."

ಹಬ್ಬಕ್ಕೆ ಹತ್ತು ದಿನ ಇತ್ತು. ಆಗುತ್ತದೆ ಎಂದುಬಿಟ್ಟೆ. ಹಾಗೆ ಬೇಗ ಹೇಳುವ ಸ್ವಭಾವ ನನ್ನದಲ್ಲ.

ಮೊದಲು ಸುಲಭದ ದಾರಿ ಹಿಡಿದೆ. ಒಂದೇ ಲಿವರ್, ಅದರ ಹೋಸನ್ನು ಕವಲು ಮಾಡಿ ಎರಡು ಕ್ಯಾಲಿಪರಿಗೂ. ಕೂರಿಸಿ ಎಳೆದರೆ ಲಿವರ್ ಹ್ಯಾಂಡಲ್ಲಿಗೇ ಬಂತು. ಒಂದು ಲಿವರ್ ತಳ್ಳುವ ಆಯಿಲ್ ಎರಡು ಜೊತೆ ದೊಡ್ಡ ಪಿಸ್ಟನ್‌ಗಳಿಗೆ ಸಾಲದು. ಒಂದು ಕಡೆ ಸೋರಿದರೆ ಎರಡೂ ಹೋಗುತ್ತವೆ ಎಂಬುದು ಇನ್ನೊಂದು. ಅರ್ಧ ದಿನ ವ್ಯರ್ಥ. ಲೆಕ್ಕ ಹಾಕಿದ್ದರೆ ಬಿಚ್ಚುವ ಮೊದಲೇ ತಿಳಿಯುತ್ತಿತ್ತು.

ಉಳಿದದ್ದು ಎರಡು ಲಿವರ್, ಎರಡೂ ಬಲಗಡೆ. ಮೇಲಿನದು ತೋರುಬೆರಳಿಗೆ, ಅದರ ಅಡಿಯಲ್ಲಿ ತಲೆಕೆಳಗಾಗಿ ಕೂರಿಸಿದ ಇನ್ನೊಂದು ನಡುಬೆರಳಿಗೆ. ಒಂದೊಂದು ಬ್ರೇಕಿಗೆ ಒಂದೊಂದೇ ಬೆರಳು. ಹಾಗಾದರೆ ಕಡಿಮೆ ಬಲಕ್ಕೆ ಹೆಚ್ಚು ಹಿಡಿಯುವ ಬ್ರೇಕ್ ಬೇಕು. ನಮ್ಮಲ್ಲಿ ಆಗ ಮೂರು ಒಳ್ಳೆಯ ಜೊತೆಗಳಿದ್ದವು. ಜನಾರ್ದನ ಅವಕ್ಕೆ ಹೆಸರಿಟ್ಟಿದ್ದರು. ಮುಟ್ಟಿದ ಕೂಡಲೇ ಹಿಡಿಯುವುದು "ಪೊಲೀಸ್". ಮೊದಲು ಸುಮ್ಮನಿದ್ದು ಕೊನೆಗೆ ಒಮ್ಮೆಲೇ ಬೀಳುವುದು "ಅತ್ತೆ". ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುವುದು "ಮೇಷ್ಟ್ರು".

ಅಳತೆಗೆ ನಮ್ಮ ದಾರಿ ನಿಮಗೆ ಗೊತ್ತು. ಕಾಫಿ ಕೊಯ್ಲಿನ ಸಮಯದಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಚೀಲ ತೂಗುವ ಕೊಕ್ಕೆ ತಕ್ಕಡಿ ಬೆಂಚಿನ ಮೇಲೆ ಇದೆಯಲ್ಲ, ಅದು. ಲಿವರಿನ ತುದಿಗೆ ಒಂದು ಕಿಲೋ ಕಾಳುಮೆಣಸಿನ ಪೊಟ್ಟಣ ನೇತುಹಾಕಿ, ಟೈರಿಗೆ ಕೊಕ್ಕೆ ಸಿಕ್ಕಿಸಿ, ಚಕ್ರ ಜಾರುವವರೆಗೆ ಎಳೆದು ಮುಳ್ಳು ನೋಡುವುದು. ಪ್ರತಿ ಬ್ರೇಕನ್ನೂ ಒಂದೇ ಚಕ್ರಕ್ಕೆ, ಒಂದೇ ಡಿಸ್ಕಿಗೆ ಹಾಕಿ, ಡಿಸ್ಕನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಐದೈದು ಸಲ ಎಳೆದೆವು. ಪೊಲೀಸ್ ಎಲ್ಲರಿಗಿಂತ ಬಹಳ ಮುಂದೆ. ಅತ್ತೆ ಎರಡನೆಯದು. ಮೇಷ್ಟ್ರು ಕೊನೆಗೆ.

ಅಂಕಿ ನೋಡಿ ನಾನು ಪೊಲೀಸನ್ನೇ ಹಾಕಿದೆ. ಮುಂದಿನದು ತೋರುಬೆರಳಿಗೆ, ಹಿಂದಿನದು ನಡುಬೆರಳಿಗೆ. ಸೂಕ್ಷ್ಮ ಬೆರಳಿಗೆ ಸೂಕ್ಷ್ಮ ಬ್ರೇಕ್ ಎಂಬ ಲೆಕ್ಕ. ಮುಂದಿನದು ಯಾವ ಬೆರಳಿಗೆ ಇರಲಿ ಎಂದು ಆಂಟಿಯನ್ನು ಕೇಳಲಿಲ್ಲ.

ಅವರ ಮನೆಯ ಮುಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣದಲ್ಲಿ ಮೊದಲ ಪರೀಕ್ಷೆ. "ಈಗ ಮುಂದಿನದು" ಎಂದೆ. ಅವರು ಬೆರಳು ತಾಗಿಸಿದರು. ಸೈಕಲ್ ನಿಂತಿತು, ಹಿಂದಿನ ಚಕ್ರ ಎದ್ದಿತು, ಹ್ಯಾಂಡಲ್ ಬಲಕ್ಕೆ ತಿರುಚಿತು. ಎಡಗೈಯ ಎರಡೇ ಬೆರಳಿಗೆ ಅದನ್ನು ತಡೆಯುವ ಶಕ್ತಿಯಿಲ್ಲ. ಆಂಟಿ ಹೇಗೋ ಕಾಲು ಊರಿ ನಿಂತು, "ಇದು ಬ್ರೇಕಾ ಹಾವಾ? ಮುಟ್ಟಿದ್ರೆ ಕಚ್ತದಲ್ಲ!" ಎಂದರು.

ತಕ್ಕಡಿಯ ಮುಳ್ಳಿನಲ್ಲಿ ಇದು ಕಾಣುವುದಿಲ್ಲ. ಮರುದಿನ ಮೇಷ್ಟ್ರನ್ನು ಹಾಕಿದೆ. ಕಣದಲ್ಲಿ ಮುಂದಿನದು, ಹಿಂದಿನದು, ಎರಡೂ, ಎಲ್ಲ ಚೆನ್ನಾಗಿ ನಡೆಯಿತು. ಆಂಟಿಯ ಮುಖದಲ್ಲಿ ನಗು ಬಂತು. ಮೊದಲ ತಿರುವಿನವರೆಗೆ ಇಳಿದು ನೋಡುತ್ತೇನೆ ಎಂದು ಹೊರಟರು. ಇಳಿದದ್ದು ಸರಿಯಾಗಿಲ್ಲ ಎಂದು ಮೇಲಿನಿಂದಲೇ ಕೇಳಿಸಿತು. ಹಿಂದಿನ ಚಕ್ರ ಒದ್ದೆ ಎಲೆಯ ಮೇಲೆ ಕರಕರ ಎಂದು ಜಾರುವ ಸದ್ದು. ಸೈಕಲ್ ತಳ್ಳಿಕೊಂಡು ಹತ್ತಿ ಬಂದರು.

"ಮುಂದಿಂದು ಸತ್ತಿದೆ ಕುಂಞಿ. ಹಿಡೀತಾನೇ ಇಲ್ಲ."

ಕೈಯಲ್ಲಿ ಎಳೆದು ನೋಡಿದರೆ ಕಲ್ಲು. ಆದರೂ ಗುಳ್ಳೆ ಇರಬೇಕು ಎಂದುಕೊಂಡೆ. ವರ್ಕ್‌ಶಾಪಿಗೆ ತಂದು ಬ್ಲೀಡ್ ಮಾಡಿದೆ. ಮರುದಿನ ಕಣದಲ್ಲಿ ಸರಿ, ಇಳಿಜಾರಿನಲ್ಲಿ ಸತ್ತಿತ್ತು. ಮತ್ತೆ ಬ್ಲೀಡ್ ಮಾಡಿದೆ. ಪ್ಯಾಡ್ ಬದಲಿಸಿದೆ, ಕ್ಯಾಲಿಪರಿನ ಬೋಲ್ಟ್ ಸಡಿಲಿಸಿ ಲಿವರ್ ಹಿಡಿದು ಮತ್ತೆ ನಡುವಿಗೆ ಕೂರಿಸಿದೆ. ಇಳಿಜಾರಿನಲ್ಲಿ ಮತ್ತೆ ಅದೇ ಕರಕರ. ಮೂರನೆಯ ಸಲ ಸಿರಿಂಜು ಎತ್ತಿಕೊಂಡಾಗ ಜನಾರ್ದನ, "ಬಿಡಿ ಮೇಡಂ, ಇನ್ನು ಅದರಿಂದ ಗುಳ್ಳೆ ಬರಲ್ಲ, ಕಣ್ಣೀರು ಬರ್ತದೆ" ಎಂದರು. ಗವಸಿನೊಳಗೆ ನನ್ನ ಬೆರಳುಗಳು ಉರಿಯುತ್ತಿದ್ದವು. ನಾಳೆ ಹಬ್ಬ. ಭಾನುವಾರಕ್ಕೆ ನಾಲ್ಕು ದಿನ. ಆಂಟಿ ಫೋನ್ ಮಾಡಿದರು. "ಹಬ್ಬಕ್ಕೆ ಮೂವರೂ ಊಟಕ್ಕೆ ಬನ್ನಿ. ಸೈಕಲ್ ಮಾತು ಬೇಡ" ಎಂದರು ಅಷ್ಟೇ.

ನಾಟಿ ಕೆಲಸ ಮುಗಿದ ಮೇಲೆ ಬರುವ ಕೊಡವರ ಹಬ್ಬ ಕೈಲ್ ಮುಹೂರ್ತ. ಬಂದೂಕಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ಊಟ ಮಾಡುತ್ತಾರೆ, ಆಮೇಲೆ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುತ್ತಾರೆ. ನಾನು ಕಡಂಬುಟ್ಟು ಎಂಬ ಅಕ್ಕಿ ಕಡುಬಿನ ತಟ್ಟೆ ಹಿಡಿದು ಗೋಡೆಯ ಪಕ್ಕ ನಿಂತಿದ್ದೆ. ಮೂರು ನಾಲ್ಕು ಜನ ಹೊಡೆದು ತಪ್ಪಿದ್ದರು, ಉತ್ತಯ್ಯ ಅಂಕಲ್ ಸಹ. ಆಂಟಿಯ ಸರದಿ ಬಂತು. ಎಡ ಅಂಗೈಯ ಮೇಲೆ ಬಂದೂಕಿನ ಮುಂಭಾಗ, ಎರಡು ಬದಿಗೆ ಎರಡು ಬೆರಳಿನ ಆಸರೆ. ಬಲಗೈಯ ನಡುಬೆರಳಿಂದ ಕಿರುಬೆರಳಿನವರೆಗಿನ ಮೂರೂ ಬೆರಳುಗಳು ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದವು. ತೋರುಬೆರಳು ಮಾತ್ರ ನೇರವಾಗಿ, ಬಂದೂಕಿನ ಮರದ ಭಾಗದ ಮೇಲೆ ಮಲಗಿತ್ತು.

"ದೇಚಕ್ಕ, ಬೆರಳು ನಿದ್ದೆ ಮಾಡ್ತಾ ಉಂಟಾ?" ಎಂದು ಅಂಕಲ್ ಕೂಗಿದರು.

"ಕಾಯಿ ಓಡಿ ಹೋಗಲ್ಲ ಉತ್ತಯ್ಯ. ನಿನಗೆ ಅದು ಗೊತ್ತಿದ್ರೆ ನೀನೂ ಹೊಡೀತಿದ್ದೆ."

ಉಸಿರು ಬಿಟ್ಟರು. ಆಗ ಮಾತ್ರ ಆ ಬೆರಳು ಒಳಗೆ ಹೋಯಿತು. ಎಳೆದಂತೆಯೇ ಕಾಣಲಿಲ್ಲ, ನಿಧಾನವಾಗಿ ಹಿಂಡಿದಂತೆ. ಕಾಯಿ ಚೂರಾಯಿತು. ಎಲ್ಲರೂ ಕೂಗಿದರು.

ನಾನು ತಟ್ಟೆಯನ್ನು ಗೋಡೆಯ ಮೇಲಿಟ್ಟು ನೇರವಾಗಿ ಅವರ ಹತ್ತಿರ ಹೋದೆ. ಗುಂಪಿನ ನಡುವೆ ಹಾಗೆ ಹೋಗುವವಳಲ್ಲ ನಾನು.

"ಆಂಟಿ, ಇಳಿಜಾರಲ್ಲಿ ನಿಮ್ಮ ತೋರುಬೆರಳು ಎಲ್ಲಿರುತ್ತೆ?"

"ಲಿವರ್ ಮೇಲೆ. ಇನ್ನೆಲ್ಲಿ?" ಎಂದವರು ತಮ್ಮ ಕೈ ನೋಡಿಕೊಂಡರು. ಬಂದೂಕು ಕೆಳಗಿಳಿಸಿದ್ದರು. ಬೆರಳು ಆಗಲೇ ಹೊರಗೆ ಬಂದು ನೇರವಾಗಿ ಮಲಗಿತ್ತು. "ಅಪ್ಪ ಕಲಿಸಿದ್ದು. ಹೊಡೆಯೋದು ಅಂತ ನಿರ್ಧಾರ ಆಗೋವರೆಗೆ ಬೆರಳು ಬಂದೂಕಿನ ಕುದುರೆಗೆ ಹೋಗಬಾರದು ಅಂತ. ಹತ್ತು ವರ್ಷಕ್ಕೆ ಕಲಿತದ್ದು."

"ಮೊದಲು, ಎರಡೂ ಕೈ ಇದ್ದಾಗ, ಬ್ರೇಕ್ ಯಾವ ಬೆರಳಲ್ಲಿ ಹಿಡೀತಿದ್ರಿ?"

"ನಡುಬೆರಳಲ್ಲಿ. ಎಲ್ಲರೂ ಹಾಗೇ ಅಲ್ವಾ?"

ಅಲ್ಲ. ನಾನು ನೋಡಿದವರಲ್ಲಿ ಬಹುತೇಕ ಎಲ್ಲರೂ ತೋರುಬೆರಳಲ್ಲೇ. ಕಣದಲ್ಲಿ ನಾನು ಹೇಳಿದಾಗ ಅವರ ಬೆರಳು ಹೇಳಿದ ಕಡೆ ಹೋಗುತ್ತಿತ್ತು. ಇಳಿಜಾರಿನಲ್ಲಿ ಯೋಚಿಸಲು ಸಮಯವಿಲ್ಲ. ನಲವತ್ತು ವರ್ಷದ ಅಭ್ಯಾಸ ಆ ಬೆರಳನ್ನು ಲಿವರಿನಿಂದ ಹೊರಗಿಡುತ್ತಿತ್ತು. ನಡುಬೆರಳು ಒಂದೇ ಹಿಂದಿನ ಬ್ರೇಕನ್ನು ಹಿಂಡಿ ಚಕ್ರ ಜಾರಿಸುತ್ತಿತ್ತು. ಮುಂದಿನ ಬ್ರೇಕಿನಲ್ಲಿ ಗುಳ್ಳೆ ಇರಲೇ ಇಲ್ಲ. ನಾನು ಎರಡೆರಡು ಸಲ ಆಯಿಲ್ ಬದಲಿಸಿದ್ದು ಆರೋಗ್ಯವಂತನಿಗೆ ಮದ್ದು ಕೊಟ್ಟಂತೆ. ಮಡಿಕೇರಿಯವರನ್ನು ಕಾಫಿ ಗಿಡದ ಮೇಲೆ ಕೂರಿಸಿದ ಅದೇ ತಪ್ಪನ್ನು ಎಂಟು ವರ್ಷದ ಮೇಲೆ ಮತ್ತೆ ಮಾಡಿದ್ದೆ. ಯಾವ ಕೈ ಎಂದು ಕೇಳುವುದನ್ನು ಕಲಿತಿದ್ದೆ. ಯಾವ ಬೆರಳು ಎಂದು ಕೇಳಿರಲಿಲ್ಲ.

ನನಗೆ ಎಷ್ಟು ಸಂತೋಷವಾಯಿತೆಂದರೆ ಹಂದಿ ಸಾರನ್ನು ಎರಡನೆಯ ಸಲ ಹಾಕಿಸಿಕೊಂಡೆ. ಕೈಯನ್ನು ನಾಲ್ಕು ಸಲ ತೊಳೆದೆ.

ಮರುದಿನ ಹೋಸುಗಳನ್ನು ಬದಲಿಸಿದೆ. ಮೊದಲು ಹೋಗುವ ನಡುಬೆರಳಿಗೆ ಮುಂದಿನ ಬ್ರೇಕ್. ನಿಧಾನವಾಗಿ ಹಿಂಡಲು ಕಲಿತ ತೋರುಬೆರಳಿಗೆ, ಬೇಗ ಜಾರುವ ಹಿಂದಿನ ಬ್ರೇಕ್. ಇದರಲ್ಲಿ ಒಂದು ತೊಡಕಿತ್ತು. ನಡುಬೆರಳಿನ ಲಿವರ್ ತಲೆಕೆಳಗಾಗಿ ಕೂತದ್ದು. ಅದರ ಆಯಿಲ್ ಡಬ್ಬಿಯಲ್ಲಿ ಸಣ್ಣ ಗುಳ್ಳೆ ಉಳಿದರೂ ಅದು ಹೋಸಿನ ಬಾಯಿಗೆ ಹೋಗುತ್ತದೆ. ಮುಖ್ಯ ಬ್ರೇಕಿಗೇ ಹಾಗಾಗಬಾರದು. ಲಿವರನ್ನು ಹ್ಯಾಂಡಲ್ಲಿನಿಂದ ಬಿಚ್ಚಿ ನೆಟ್ಟಗೆ ಹಿಡಿದು ಬ್ಲೀಡ್ ಮಾಡಿದೆವು. ನಾನು ಕೆಳಗೆ ಸಿರಿಂಜು ಒತ್ತಿದೆ, ಜನಾರ್ದನ ಮೇಲೆ ಲಾಳಿಕೆ ಹಿಡಿದು ಹೋಸನ್ನು ತಟ್ಟಿದರು. ಗುಳ್ಳೆ ನಿಂತ ಮೇಲೂ ಹತ್ತು ನಿಮಿಷ ಮಾಡಿದೆವು. ಕೊನೆಗೆ ಸಾಸಿವೆಗಿಂತ ಸಣ್ಣದೊಂದು ಬಂತು.

"ನೋಡಿ, ಓದಿದ ಗುಳ್ಳೆ. ಕೊನೆಗೆ ಬಂತು" ಎಂದರು ಜನಾರ್ದನ.

ಮುಚ್ಚಳ ಬಿಗಿದು, ಲಿವರನ್ನು ತಲೆಕೆಳಗೆ ಮಾಡಿ, ಅಲುಗಾಡಿಸಿ, ಎಳೆದೆವು. ಕಲ್ಲು. ಶನಿವಾರ ಆಂಟಿ ಕಣದಲ್ಲಿ ಸುತ್ತಿ ಸುತ್ತಿ ಮೂವತ್ತು ಸಲ ಮೆಲ್ಲಗೆ ನಿಧಾನಿಸಿ ಹೊಸ ಪ್ಯಾಡುಗಳನ್ನು ಪಳಗಿಸಿದರು. ಈ ಸಲ ಯಾವ ಬ್ರೇಕ್ ಎಂದು ನಾನು ಕೂಗಲಿಲ್ಲ. ಅವರ ಬೆರಳುಗಳನ್ನಷ್ಟೇ ನೋಡಿದೆ.

ಭಾನುವಾರ ಬೆಳಿಗ್ಗೆ ನಾವು ಮೂವರೂ ಆಂಟಿಯ ಜೀಪಿನಲ್ಲಿ ಮೊದಲೇ ಇಳಿದು ಕೆಳಗಿನ ಸೇತುವೆಯ ಹತ್ತಿರ ನಿಂತಿದ್ದೆವು. ಸ್ವಲ್ಪ ಹೊತ್ತಿಗೆ ಕಾರಿನ ಹಿಂದೆ ಸೈಕಲ್ ಕಟ್ಟುವ ಚೌಕಟ್ಟು ಹಾಕಿಕೊಂಡು ಅಣ್ಣನ ಮಗ ಬಂದರು. ನನ್ನ ವಯಸ್ಸಿನವರು, ಮೀಸೆ ಬಿಟ್ಟವರು. "ಅತ್ತೆ ಮೇಲಿದ್ದಾರಾ?" ಎಂದು ಕೇಳಿದರು.

"ಇಳೀತಾ ಇದ್ದಾರೆ" ಎಂದರು ಅಂಕಲ್.

ಕಿವಿಗೊಟ್ಟು ನಿಂತೆವು. ಕರಕರ ಇಲ್ಲ, ಕಿರುಚು ಇಲ್ಲ. ಏನೂ ಕೇಳಿಸದಿದ್ದುದು ನನಗೆ ಭಯ ತಂದಿತು. ಒಳ್ಳೆಯ ಬ್ರೇಕಿಗೆ ಸದ್ದಿರುವುದಿಲ್ಲ ಎಂದು ಒಂಬತ್ತು ವರ್ಷ ಎಲ್ಲರಿಗೂ ಹೇಳಿದವಳು ನಾನೇ. ಆಮೇಲೆ ಹಿಂದಿನ ಚಕ್ರದ ಟಿಕಟಿಕ, ಒದ್ದೆ ಎಲೆಯ ಮೇಲೆ ಟೈರು ಓಡುವ ಸಣ್ಣ ಸದ್ದು. ಕೊನೆಯ ತಿರುವಿನಲ್ಲಿ ಅವರು ಕಂಡರು. ಮೊಣಕೈ ಅಗಲಿಸಿ, ಗಲ್ಲ ಎತ್ತಿ, ಹದಿನಾರು ವರ್ಷದವರ ಹಾಗೆ. ತಿರುವಿನ ಮೊದಲು ನಿಧಾನಿಸಿದರು, ತಿರುವಿನಲ್ಲಿ ಬಿಟ್ಟರು, ನೇರ ಬಂದು ಕಾರಿನಿಂದ ಒಂದು ಗೇಣು ದೂರದಲ್ಲಿ ನಿಂತರು.

"ಚೌಕಟ್ಟು ಬಿಚ್ಚು" ಎಂದರು ಅಣ್ಣನ ಮಗನಿಗೆ. "ನಿನಗೆ ಬೇರೆ ಸೈಕಲ್ ನೋಡುವ."

ಮೀಸೆಯವರು ಒಂದು ಕ್ಷಣ ಪೆಚ್ಚಾಗಿ, ಆಮೇಲೆ ಜೋರಾಗಿ ನಕ್ಕರು. ನಾನು ಬಗ್ಗಿ ಕೈಯ ಹಿಂಬದಿಯನ್ನು ಡಿಸ್ಕುಗಳ ಹತ್ತಿರ, ತಾಗದಂತೆ, ಹಿಡಿದೆ. ಮುಂದಿನದರಿಂದ ಒಲೆಯಂತೆ ಬಿಸಿ ಬರುತ್ತಿತ್ತು. ಹಿಂದಿನದು ಬೆಚ್ಚಗಿತ್ತು. ಹೆಚ್ಚಿನ ಕೆಲಸ ಮುಂದಿನದರದು, ಹೀಗೇ ಇರಬೇಕು. ತಲೆ ಎತ್ತಿದಾಗ ಆಂಟಿ ನನ್ನ ಸುಲಿದ ಬೆರಳುಗಳನ್ನು ನೋಡುತ್ತಿದ್ದರು. ತಮ್ಮ ಎಡಗೈಯ ಎರಡು ಬೆರಳಿನಲ್ಲಿ ನನ್ನ ಮಣಿಕಟ್ಟನ್ನು ಹಿಡಿದು ಒಮ್ಮೆ ಅಲುಗಿಸಿ, ಮತ್ತೊಂದು ಸಲ ಇಳಿಯಲು ಸೈಕಲ್ಲನ್ನು ಜೀಪಿಗೆ ಹಾಕುವಂತೆ ಅಂಕಲಿಗೆ ಹೇಳಿದರು.

ಆ ಸೈಕಲ್ ಈ ಮೇ ತಿಂಗಳಲ್ಲಿ, ಮಳೆಗೆ ಮೊದಲು, ಬ್ಲೀಡಿಂಗಿಗೆ ನಿಮ್ಮಲ್ಲಿಗೆ ಬರುತ್ತದೆ. ಎರಡೂ ಲಿವರ್ ಬಲಗಡೆ ಇರುತ್ತವೆ, ಒಂದು ತಲೆಕೆಳಗಾಗಿ. ಹೋಸುಗಳನ್ನು ಹಿಂಬಾಲಿಸಿ ನೋಡಿದರೆ ಮುಂದಿನದು ನಡುಬೆರಳಿಗೆ ಹೋಗಿರುತ್ತದೆ. ಯಾರೋ ಗೊತ್ತಿಲ್ಲದವರು ತಪ್ಪಾಗಿ ಜೋಡಿಸಿದ್ದಾರೆ ಎಂದು ನಿಮಗೆ ಖಂಡಿತ ಅನ್ನಿಸುತ್ತದೆ. ಗವಸು ಹಾಕಿಕೊಳ್ಳಿ, ಹೊಸ ಬಾಟಲಿ ತೆಗೆಯಿರಿ, ಗಾಳಿ ಹೊರಗೆ ಹಾಕಿ. ಸರಿ ಮಾಡಲು ಮಾತ್ರ ಹೋಗಬೇಡಿ.